ಫ್ಲ್ಯಾಟ್ ನಿಮ್ಮದು, ಬಿಲ್ ಪಕ್ಕದ ಮನೆಯದು: ಅದಲುಬದಲಾದ ಕರೆಂಟ್ ಮೀಟರ್ ಪತ್ತೆ ಹಚ್ಚುವುದು, ಸರಿಪಡಿಸಿಕೊಳ್ಳುವುದು ಹೇಗೆ?

ಬೇಸಿಗೆ ರಜೆಗೆಂದು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದೀರಿ. ಫ್ರಿಜ್ ಕೂಡ ಆಫ್. ತಿಂಗಳು ಕಳೆದು ಮುಂಬೈಗೋ ಪುಣೆಗೋ ವಾಪಸಾದರೆ ಬಾಗಿಲ ಬಳಿ ಎಂದಿನಷ್ಟೇ ದೊಡ್ಡ ಕರೆಂಟ್ ಬಿಲ್ ಬಿದ್ದಿದೆ. ದೂರು ಕೊಟ್ಟರೆ ಸಿಬ್ಬಂದಿ ಬಂದು ಮೀಟರ್ ಪರೀಕ್ಷಿಸಿ 'ಮೀಟರ್ ಸರಿಯಾಗಿದೆ' ಎಂದು ಬರೆದುಕೊಟ್ಟು ಹೋಗುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಮೀಟರ್ ಸರಿಯಾಗಿಯೇ ಇದೆ. ಆದರೆ ಅದು ಅಳೆಯುತ್ತಿರುವುದು ನಿಮ್ಮ ಮನೆಯ ಕರೆಂಟನ್ನಲ್ಲ, ಪಕ್ಕದ ಫ್ಲ್ಯಾಟ್‌ನದ್ದನ್ನು.

ಹತ್ತಾರು ಮೀಟರ್‌ಗಳು ಒಂದೇ ಬೋರ್ಡ್ ಮೇಲೆ ಸಾಲಾಗಿ ಕೂತಿರುವ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಅಪರೂಪವಲ್ಲ. ಇಬ್ಬರ ಬಳಕೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮನೆಯವರು ಎಸಿ ಹಾಕಿಸಿದಾಗ, ಒಬ್ಬರು ಮನೆ ಖಾಲಿ ಮಾಡಿದಾಗ ಅಥವಾ ಬಿಲ್ ಕಟ್ಟದ ನೆರೆಯವರ ತಪ್ಪಿಗೆ ನಿಮ್ಮ ಮನೆಯ ದೀಪ ಆರಿದಾಗಷ್ಟೇ ವಿಷಯ ಹೊರಬರುತ್ತದೆ. ಇದನ್ನು ಪತ್ತೆ ಹಚ್ಚುವುದು, ದೂರು ಕೊಡುವುದು, ಹಣದ ಲೆಕ್ಕ ಸರಿಪಡಿಸಿಕೊಳ್ಳುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ.

ಅದಲುಬದಲು ಆಗುವುದು ಎಲ್ಲಿ?

ಮೀಟರ್ ಗೊಂದಲದಲ್ಲಿ ಮುಖ್ಯವಾಗಿ ಎರಡು ಬಗೆ. ಎರಡಕ್ಕೂ ಪರಿಹಾರ ಬೇರೆ ಬೇರೆ. ಹೀಗಾಗಿ ನಿಮ್ಮದು ಯಾವ ಬಗೆ ಎಂದು ಮೊದಲು ತಿಳಿಯಬೇಕು.

ಮೊದಲನೆಯದು ವೈರ್‌ನ ತಪ್ಪು. ಕಟ್ಟಡ ಕಟ್ಟುವಾಗ ಮೀಟರ್ ರೂಮ್‌ನಿಂದ ಪ್ರತಿ ಫ್ಲ್ಯಾಟ್‌ಗೂ ಒಂದೊಂದು ಜೋಡಿ ವೈರ್ ಎಳೆಯುತ್ತಾರೆ. ಎಲ್ಲವೂ ಒಂದೇ ಪೈಪ್‌ನಲ್ಲಿ, ಒಂದೇ ಬಣ್ಣದಲ್ಲಿ ಬರುತ್ತವೆ. 201ರ ವೈರ್ 202ರ ಮೀಟರ್‌ಗೆ ಸೇರಿದರೆ ಎರಡೂ ಮನೆಯಲ್ಲಿ ದೀಪ ಉರಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಸುಟ್ಟ ವೈರ್ ಬದಲಿಸುವಾಗಲೂ ಇದೇ ತಪ್ಪು ಆಗಬಹುದು.

ಎರಡನೆಯದು ದಾಖಲೆಯ ತಪ್ಪು. ವೈರ್ ಸರಿಯಾಗಿಯೇ ಇರುತ್ತದೆ. ಆದರೆ ವಿದ್ಯುತ್ ಕಂಪನಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಗ್ರಾಹಕ ಸಂಖ್ಯೆಯ ಎದುರು ನೆರೆಮನೆಯ ಮೀಟರ್‌ನ ಸೀರಿಯಲ್ ನಂಬರ್ ಕೂತಿರುತ್ತದೆ. ಹಳೆಯ ಮೀಟರ್ ತೆಗೆದು ಹೊಸದನ್ನು ಹಾಕುವಾಗ ಈ ತಪ್ಪು ಸುಲಭವಾಗಿ ಆಗುತ್ತದೆ. ಒಂದೇ ದಿನ ಒಂದು ಕಟ್ಟಡದ ಎಲ್ಲ ಮೀಟರ್ ಬದಲಿಸುವಾಗ ಒಂದು ಸಾಲು ಆಚೀಚೆಯಾದರೆ ಸಾಕು. ಬಿಲ್ಡರ್ ನಕ್ಷೆಯಲ್ಲಿ ಒಂದು ಫ್ಲ್ಯಾಟ್ ಸಂಖ್ಯೆ, ಬಾಗಿಲ ಮೇಲೆ ಇನ್ನೊಂದು ಸಂಖ್ಯೆ ಇರುವುದು, ಎ ವಿಂಗ್ ಬಿ ವಿಂಗ್ ಆಗುವುದು ಕೂಡ ಇದಕ್ಕೆ ಕಾರಣ.

ಇವೆರಡರ ಜೊತೆಗೆ ಇನ್ನೆರಡು ಸಣ್ಣ ತೊಂದರೆಗಳೂ ಇವೆ. ಮೆಟ್ಟಿಲ ದೀಪ, ನೀರಿನ ಪಂಪ್‌ನಂತಹ ಸೊಸೈಟಿಯ ಸಂಪರ್ಕವನ್ನು ಯಾವುದೋ ಒಂದು ಫ್ಲ್ಯಾಟ್‌ನ ಮೀಟರ್‌ನಿಂದ ಎಳೆದಿರುವುದು ಒಂದು. ಎರಡು ಮನೆಗಳ ನ್ಯೂಟ್ರಲ್ ವೈರ್ ಒಂದಕ್ಕೊಂದು ಸೇರಿರುವುದು ಇನ್ನೊಂದು. ಈಗಿನ ಅನೇಕ ಮೀಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ನೋಡಿ ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ನೆರೆಮನೆಯ ಕರೆಂಟ್ ನಿಮ್ಮ ನ್ಯೂಟ್ರಲ್ ಮೂಲಕ ಹಿಂತಿರುಗಿದರೆ ಯೂನಿಟ್ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಇಂತಹ ಮೀಟರ್‌ಗಳಲ್ಲಿ 'ಅರ್ತ್' ಅಥವಾ 'ಇಎಲ್' ಎಂದು ಬರೆದಿರುವ ಸಣ್ಣ ಕೆಂಪು ದೀಪ ಉರಿಯುತ್ತಿದ್ದರೆ ಅದು ಎಚ್ಚರಿಕೆಯ ಸೂಚನೆ.

ಅನುಮಾನ ಬರಬೇಕಾದ್ದು ಯಾವಾಗ?

* ಮನೆ ಖಾಲಿ ಇದ್ದ ತಿಂಗಳಲ್ಲೂ ಬಳಕೆ ಕಡಿಮೆಯಾಗದಿದ್ದರೆ.
* ಎಸಿ, ಗೀಸರ್ ಬಳಸಿದರೂ ಬಿಲ್ ಅತಿ ಕಡಿಮೆ ಬಂದರೆ.
* ಮೀಟರ್ ಬದಲಿಸಿದ ತಿಂಗಳಿನಿಂದಲೇ ಬಿಲ್‌ನ ಸ್ವರೂಪ ಬದಲಾದರೆ.
* ಬಿಲ್ ಕಟ್ಟಿದ್ದರೂ ಬಾಕಿಯ ಹೆಸರಲ್ಲಿ ನಿಮ್ಮ ಮನೆಯ ಸಂಪರ್ಕ ಕಡಿತವಾದರೆ.
* ನಿಮ್ಮ ಮೇನ್ ಸ್ವಿಚ್ ಆಫ್ ಇದ್ದಾಗಲೂ ನಿಮ್ಮ ಹೆಸರಿನ ಮೀಟರ್ ಓಡುತ್ತಿದ್ದರೆ.

ಬಿಲ್‌ನಲ್ಲಿ ಹಿಂದಿನ 6 ಅಥವಾ 12 ತಿಂಗಳ ಬಳಕೆಯ ಪಟ್ಟಿ ಇದ್ದರೆ ಅದನ್ನು ನಿಮ್ಮ ಮನೆಯ ದಿನಚರಿಗೆ ಹೋಲಿಸಿ ನೋಡಿ. ಯಾವ ತಿಂಗಳು ಊರಲ್ಲಿ ಇರಲಿಲ್ಲ, ಯಾವಾಗ ಎಸಿ ತಂದಿರಿ, ಯಾವಾಗ ಮಕ್ಕಳು ಹಾಸ್ಟೆಲ್‌ಗೆ ಹೋದರು ಎಂಬುದು ಆ ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ ಮುಂದಿನ ಪರೀಕ್ಷೆ ಮಾಡಿ.

ಹತ್ತು ನಿಮಿಷದ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಒಬ್ಬರು ಮನೆಯಲ್ಲಿ, ಇನ್ನೊಬ್ಬರು ಮೀಟರ್ ರೂಮ್‌ನಲ್ಲಿ ಮೊಬೈಲ್ ಹಿಡಿದು ನಿಲ್ಲಬೇಕು. ಯಾವ ಕವರ್ ಅನ್ನೂ ತೆರೆಯಬೇಕಿಲ್ಲ, ಯಾವ ವೈರನ್ನೂ ಮುಟ್ಟಬೇಕಿಲ್ಲ. ಮೀಟರ್ ರೂಮ್‌ನಲ್ಲಿ ನೀರು ನಿಂತಿದ್ದರೆ ಒಳಗೆ ಹೋಗಬೇಡಿ.

ಮೊದಲು ಬಿಲ್ ತೆಗೆದುಕೊಂಡು ಅದರಲ್ಲಿರುವ ಮೀಟರ್ ಸೀರಿಯಲ್ ನಂಬರ್ ನೋಡಿ. ಇದು ಗ್ರಾಹಕ ಸಂಖ್ಯೆಯಲ್ಲ. ಮಹಾವಿತರಣ್ ಬಿಲ್‌ನಲ್ಲಿ 12 ಅಂಕಿಯ ಗ್ರಾಹಕ ಕ್ರಮಾಂಕವೇ ಬೇರೆ, ಮೀಟರ್ ಕ್ರಮಾಂಕವೇ ಬೇರೆ. ಹೈದರಾಬಾದ್‌ನ ಯುಎಸ್‌ಸಿ ನಂಬರ್, ದೆಹಲಿಯ ಸಿಎ ನಂಬರ್, ಚೆನ್ನೈನ ಸರ್ವಿಸ್ ಕನೆಕ್ಷನ್ ನಂಬರ್, ಬೆಂಗಳೂರಿನ ಆರ್‌ಆರ್ ನಂಬರ್ ಇವೆಲ್ಲ ಖಾತೆಯ ಗುರುತುಗಳು. ಮೀಟರ್‌ನ ಮೈಮೇಲೆ ಅಚ್ಚಾಗಿರುವ ನಂಬರ್ ಬೇರೆಯೇ ಇರುತ್ತದೆ.

ನಂತರ ಬೋರ್ಡ್ ಮೇಲೆ ನಿಮ್ಮ ಫ್ಲ್ಯಾಟ್ ಸಂಖ್ಯೆ ಬರೆದಿರುವ ಮೀಟರ್ ಹುಡುಕಿ. ಅದರ ಸೀರಿಯಲ್ ನಂಬರ್, ರೀಡಿಂಗ್ ಎರಡೂ ಕಾಣುವಂತೆ ಫೋಟೊ ತೆಗೆಯಿರಿ. ಬಿಲ್‌ನ ನಂಬರ್‌ಗೆ ಹೋಲಿಸಿ.

ಈಗ ಮನೆಯಲ್ಲಿರುವವರು ಮೇನ್ ಎಂಸಿಬಿ ಆಫ್ ಮಾಡಲಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಮೇನ್ ಆಫ್ ಆದರೂ ದೀಪ ಉರಿಯುತ್ತಲೇ ಇದ್ದು ಗೊಂದಲವಾಗುತ್ತದೆ. ಮೀಟರ್ ಮೇಲೆ ಮಿನುಗುವ ಸಣ್ಣ ಕೆಂಪು ದೀಪವನ್ನು ಗಮನಿಸಿ. ಕರೆಂಟ್ ಬಳಕೆಯಾಗುತ್ತಿದ್ದರೆ ಅದು ಮಿನುಗುತ್ತದೆ. ಬಳಕೆ ನಿಂತರೆ ಮಿನುಗುವುದೂ ನಿಲ್ಲುತ್ತದೆ. ಕೆಲವು ಮೀಟರ್‌ಗಳಲ್ಲಿ ಬಳಕೆ ಇಲ್ಲದಾಗ ದೀಪ ಆರದೆ ಒಂದೇ ಸಮನೆ ಉರಿಯುತ್ತದೆ. ಅದೂ ಬಳಕೆ ಇಲ್ಲ ಎಂಬುದರ ಗುರುತೇ.

ಕೊನೆಗೆ ಎಂಸಿಬಿ ಆನ್ ಮಾಡಿ, ಗೀಸರ್‌ನಂತಹ ದೊಡ್ಡ ಉಪಕರಣವೊಂದನ್ನು ಮಾತ್ರ ಹಾಕಿ. ಮೀಟರ್ ಮೇಲೆ '3200 ಇಂಪ್ ಪರ್ ಕೆಡಬ್ಲ್ಯುಎಚ್' ಎಂದು ಬರೆದಿದ್ದರೆ ಒಂದು ಯೂನಿಟ್‌ಗೆ 3200 ಬಾರಿ ದೀಪ ಮಿನುಗುತ್ತದೆ ಎಂದರ್ಥ. 2000 ವ್ಯಾಟ್‌ನ ಗೀಸರ್ ಹಾಕಿದರೆ ನಿಮಿಷಕ್ಕೆ ಸುಮಾರು 107 ಬಾರಿ, 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಸುಮಾರು 53 ಬಾರಿ ಮಿನುಗಬೇಕು. ಗೀಸರ್ ಆನ್ ಮತ್ತು ಆಫ್ ಮಾಡಿದಂತೆ ಯಾವ ಮೀಟರ್‌ನ ದೀಪ ಜೋರಾಗಿ ಮಿನುಗಿ ನಿಧಾನವಾಗುತ್ತದೋ ಅದೇ ನಿಮ್ಮ ಮನೆಯನ್ನು ನಿಜವಾಗಿ ಅಳೆಯುತ್ತಿರುವ ಮೀಟರ್. ಇದನ್ನು ಮೂರು ಬಾರಿ ಮಾಡಿ, ವಿಡಿಯೊ ಮಾಡಿಟ್ಟುಕೊಳ್ಳಿ.

ಫಲಿತಾಂಶ ಏನು ಹೇಳುತ್ತದೆ?

* ಬಿಲ್‌ನ ನಂಬರ್, ಬೋರ್ಡ್ ಮೇಲಿನ ಮೀಟರ್, ನಿಮ್ಮ ಗೀಸರ್‌ಗೆ ಸ್ಪಂದಿಸುವ ಮೀಟರ್ ಮೂರೂ ಒಂದೇ ಆದರೆ ಅದಲುಬದಲು ಇಲ್ಲ. ತಪ್ಪು ರೀಡಿಂಗ್, ಹಳೆಯ ಉಪಕರಣ, ವೈರ್ ಸೋರಿಕೆ ಕಡೆ ನೋಡಬೇಕು.
* ನಿಮ್ಮ ಮನೆಗೆ ಸ್ಪಂದಿಸುವ ಮೀಟರ್ ಮೇಲೆ ನಿಮ್ಮದೇ ಫ್ಲ್ಯಾಟ್ ಸಂಖ್ಯೆ ಇದೆ, ಆದರೆ ಬಿಲ್‌ನಲ್ಲಿ ಬೇರೆ ಸೀರಿಯಲ್ ನಂಬರ್ ಇದೆ ಎಂದಾದರೆ ಅದು ದಾಖಲೆಯ ತಪ್ಪು.
* ಬಿಲ್ ಮತ್ತು ಬೋರ್ಡ್ ಎರಡೂ ಒಂದೇ ಮೀಟರ್ ತೋರಿಸುತ್ತವೆ, ಆದರೆ ಸ್ಪಂದಿಸುವುದು ಬೇರೆ ಮೀಟರ್ ಎಂದಾದರೆ ವೈರ್ ಅದಲುಬದಲಾಗಿದೆ.
* ನಿಮ್ಮ ಮೀಟರ್ ಗೀಸರ್‌ಗೆ ಸ್ಪಂದಿಸುತ್ತದೆ, ಆದರೆ ಎಂಸಿಬಿ ಆಫ್ ಮಾಡಿದ ಮೇಲೂ ಮಿನುಗುತ್ತಲೇ ಇದೆ ಎಂದಾದರೆ ಬೇರೆಯವರ ಅಥವಾ ಸೊಸೈಟಿಯ ಸಂಪರ್ಕ ಸೇರಿಕೊಂಡಿದೆ, ಇಲ್ಲವೇ ನ್ಯೂಟ್ರಲ್ ಬೆರೆತಿದೆ.

ಇಲ್ಲಿಗೇ ನಿಲ್ಲಿಸಬೇಡಿ. ಗೊಂದಲ ಎರಡೇ ಮನೆಗೆ ಸೀಮಿತವಾಗಿರಬೇಕೆಂದಿಲ್ಲ. 301ರ ಕರೆಂಟ್ 302ರ ಮೀಟರ್‌ಗೆ, 302ರದ್ದು 303ಕ್ಕೆ, 303ರದ್ದು 301ಕ್ಕೆ ಹೋಗಿರಲೂಬಹುದು. ಇಬ್ಬರದ್ದನ್ನಷ್ಟೇ ಬದಲಿಸಿದರೆ ತಪ್ಪು ಇನ್ನೊಂದು ಮನೆಗೆ ದಾಟುತ್ತದೆ ಅಷ್ಟೇ. ಆ ಮಹಡಿಯ ಎಲ್ಲ ಫ್ಲ್ಯಾಟ್‌ಗಳಲ್ಲೂ ಇದೇ ಪರೀಕ್ಷೆ ಮಾಡಿಸುವುದು ಒಳ್ಳೆಯದು. ತ್ರೀ ಫೇಸ್ ಸಂಪರ್ಕ ಇರುವ ದೊಡ್ಡ ಫ್ಲ್ಯಾಟ್‌ಗಳಲ್ಲಿ ಒಂದೊಂದೇ ಫೇಸ್ ಅನ್ನು ಪ್ರತ್ಯೇಕವಾಗಿ ನೋಡಬೇಕು.

ಇದನ್ನು ಮಾತ್ರ ಮಾಡಬೇಡಿ

ತಪ್ಪು ಕಣ್ಣಿಗೆ ಕಾಣುತ್ತಿದೆ, ಎರಡು ವೈರ್ ಬದಲಿಸಿದರೆ ಮುಗಿಯಿತಲ್ಲ ಎಂದು ಪರಿಚಯದ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್‌ಗೆ ಕೈ ಹಾಕಿಸಬೇಡಿ. ಮೀಟರ್ ಹಾಗೂ ಅದರ ಟರ್ಮಿನಲ್ ಕವರ್‌ಗೆ ವಿದ್ಯುತ್ ಕಂಪನಿಯ ಸೀಲ್ ಇರುತ್ತದೆ. ಸೀಲ್ ಒಡೆದಿದ್ದು ಕಂಡರೆ ವಿಷಯ ಬಿಲ್ ತಪ್ಪಿನಿಂದ ವಿದ್ಯುತ್ ಕಳವಿನ ಆರೋಪಕ್ಕೆ ತಿರುಗಬಹುದು. 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 135 ಕಳವಿಗೆ, ಸೆಕ್ಷನ್ 126 ಅನಧಿಕೃತ ಬಳಕೆಗೆ ಸಂಬಂಧಿಸಿದ್ದು. ಇವುಗಳ ಅಡಿಯ ಪ್ರಕರಣಗಳನ್ನು ಗ್ರಾಹಕರ ಕುಂದುಕೊರತೆ ವೇದಿಕೆ ಕೈಗೆತ್ತಿಕೊಳ್ಳುವುದಿಲ್ಲ. ಸೆಕ್ಷನ್ 126ರ ಆದೇಶಗಳ ವಿರುದ್ಧದ ದೂರು ಗ್ರಾಹಕ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನಿಮ್ಮ ಕೈಯಲ್ಲಿರುವ ಸುಲಭದ ದಾರಿಯನ್ನು ನೀವೇ ಮುಚ್ಚಿಕೊಂಡಂತಾಗುತ್ತದೆ.

ಇನ್ನೊಂದು ಕಾರಣವೂ ಇದೆ. ವೈರ್ ಬದಲಿಸಿಬಿಟ್ಟರೆ ಹಿಂದೆ ತಪ್ಪಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಸಿಬ್ಬಂದಿ ಬಂದು ನೋಡಿ ವರದಿ ಬರೆಯುವ ತನಕ ಇದ್ದದ್ದು ಇದ್ದ ಹಾಗೇ ಇರಲಿ.

ನೆರೆಯವರೊಂದಿಗೆ ಮೊದಲು ಮಾತಾಡಿ

ಇಲ್ಲಿ ತಪ್ಪು ಸಾಮಾನ್ಯವಾಗಿ ಎರಡೂ ಮನೆಯವರದ್ದಲ್ಲ. ಆದರೆ ಒಬ್ಬರಿಗೆ ಹಣ ವಾಪಸ್ ಬಂದರೆ ಇನ್ನೊಬ್ಬರಿಗೆ ಹೆಚ್ಚುವರಿ ಬಿಲ್ ಬರುತ್ತದೆ. 'ಇಷ್ಟು ದಿನ ನಮ್ಮ ದುಡ್ಡಲ್ಲಿ ಕರೆಂಟ್ ಉರಿಸಿದಿರಿ' ಎಂದು ಮಾತು ಶುರುವಾದರೆ ಜಂಟಿ ಅರ್ಜಿಗೆ ಸಹಿ ಸಿಗುವುದು ಕಷ್ಟ. ಸೊಸೈಟಿ ಕಾರ್ಯದರ್ಶಿಯ ಎದುರು ಇಬ್ಬರೂ ಸೇರಿ ಗೀಸರ್ ಪರೀಕ್ಷೆ ಮಾಡಿದರೆ ವಾದಕ್ಕೆ ಜಾಗ ಇರುವುದಿಲ್ಲ.

ಕಡಿಮೆ ಬಿಲ್ ಬರುತ್ತಿರುವವರು ಸುಮ್ಮನಿದ್ದರೆ ಲಾಭ ಎಂದುಕೊಳ್ಳುವುದು ತಪ್ಪು ಲೆಕ್ಕ. ಪತ್ತೆಯಾದ ದಿನ ತಿಂಗಳುಗಳ ಬಾಕಿ ಒಟ್ಟಿಗೆ ಬರುತ್ತದೆ. ಅವರಾಗಿಯೇ ಮುಂದೆ ಬಂದರೆ ಕಂತಿನಲ್ಲಿ ಕಟ್ಟಲು ಅವಕಾಶ ಕೇಳುವುದು ಸುಲಭ. ಹಣವನ್ನು ಇಬ್ಬರೇ ಕೂತು ಕೈಯಿಂದ ಕೈಗೆ ತೀರಿಸಿಕೊಂಡು ದಾಖಲೆ ಹಾಗೇ ಬಿಡುವುದೂ ಸರಿಯಲ್ಲ. ಮುಂದೆ ಕಂಪನಿ ತಾನಾಗಿ ತಪ್ಪು ಕಂಡುಹಿಡಿದರೆ ಅದೇ ಹಣಕ್ಕೆ ಮತ್ತೊಮ್ಮೆ ಬಿಲ್ ಬರಬಹುದು.

ಅರ್ಜಿಯಲ್ಲಿ ಏನಿರಬೇಕು?

ದೇಶದ ಬಹುತೇಕ ಕಡೆ ವಿದ್ಯುತ್ ದೂರಿನ ಸಹಾಯವಾಣಿ 1912. ಅಲ್ಲಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ಆದರೆ ಫೋನ್ ದೂರಿನಲ್ಲಿ ಇದು 'ಹೆಚ್ಚು ಬಿಲ್' ಎಂದಷ್ಟೇ ದಾಖಲಾಗಿ ಮೀಟರ್ ಪರೀಕ್ಷೆಯಲ್ಲಿ ಮುಗಿಯುವ ಸಾಧ್ಯತೆ ಹೆಚ್ಚು. ಹೀಗಾಗಿ ಸ್ಥಳೀಯ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮುಖ್ಯ. ಸ್ಥಳೀಯ ಭಾಷೆ ಬರೆಯಲು ಬಾರದವರು ಇಂಗ್ಲಿಷ್‌ನಲ್ಲಿ ಕೊಡಬಹುದು.

ಅರ್ಜಿಯಲ್ಲಿ ಇರಬೇಕಾದ ವಿವರಗಳು:

* ಎರಡೂ ಫ್ಲ್ಯಾಟ್‌ಗಳ ಗ್ರಾಹಕ ಸಂಖ್ಯೆ, ಮೀಟರ್ ಸೀರಿಯಲ್ ನಂಬರ್.
* ಒಂದೇ ದಿನ ತೆಗೆದ ಎರಡೂ ಮೀಟರ್‌ಗಳ ರೀಡಿಂಗ್ ಫೋಟೊ.
* ಪರೀಕ್ಷೆ ನಡೆಸಿದ ದಿನಾಂಕ, ಸಮಯ, ಹಾಜರಿದ್ದವರ ಹೆಸರು.
* ಕನಿಷ್ಠ ಕಳೆದ 12 ತಿಂಗಳ ಬಿಲ್‌ಗಳು. ಮೀಟರ್ ಬದಲಾಗಿದ್ದರೆ ಬದಲಾವಣೆಯ ವರದಿಯ ಪ್ರತಿ.
* ಸಾಧ್ಯವಾದರೆ ಎರಡೂ ಮನೆಯವರ ಸಹಿ ಮತ್ತು ಸೊಸೈಟಿಯ ಪತ್ರ.

ಕೇಳಬೇಕಾದ್ದು ನಾಲ್ಕು. ಇಬ್ಬರ ಸಮ್ಮುಖದಲ್ಲಿ ಜಂಟಿ ಸ್ಥಳ ಪರಿಶೀಲನೆ. ಅದರ ಲಿಖಿತ ವರದಿಯ ಪ್ರತಿ. ವೈರ್ ಅಥವಾ ದಾಖಲೆಯ ತಿದ್ದುಪಡಿ. ತಪ್ಪು ಆರಂಭವಾದ ದಿನದಿಂದ ಎರಡೂ ಖಾತೆಗಳ ಬಿಲ್ ಪರಿಷ್ಕರಣೆ.

ಮೀಟರ್ ಟೆಸ್ಟ್ ಏಕೆ ಸಾಲದು?

ಬಳಕೆಗೂ ರೀಡಿಂಗ್‌ಗೂ ಹೊಂದಿಕೆಯಿಲ್ಲ ಎಂದು ಗ್ರಾಹಕರು ದೂರಿದರೆ ಮೀಟರ್ ಪರೀಕ್ಷೆ ಮಾಡಬೇಕು ಎಂದು ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಹೇಳುತ್ತದೆ. 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ದೂರು ಬಂದ 5 ದಿನಗಳೊಳಗೆ ಇನ್ನೊಂದು ಮೀಟರ್ ಅಳವಡಿಸಿ ಕನಿಷ್ಠ 3 ತಿಂಗಳ ಬಳಕೆಯನ್ನು ತಾಳೆ ನೋಡಬೇಕು ಎಂದಿದೆ. ಮೀಟರ್ ವೇಗವಾಗಿ ಓಡುತ್ತಿದೆ ಎಂಬ ಅನುಮಾನಕ್ಕೆ ಇದು ಉತ್ತಮ ಪರಿಹಾರ.

ಆದರೆ ಅದಲುಬದಲಾದ ಮೀಟರ್‌ಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಅದೇ ವೈರ್‌ಗೆ ಎರಡನೇ ಮೀಟರ್ ಜೋಡಿಸಿದರೆ ಅದೂ ನೆರೆಮನೆಯ ಯೂನಿಟನ್ನೇ ಎಣಿಸುತ್ತದೆ. ಎರಡೂ ತಾಳೆಯಾಗುತ್ತವೆ, ದೂರು ತಿರಸ್ಕೃತವಾಗುತ್ತದೆ. ಹೀಗಾಗಿ ಅರ್ಜಿಯಲ್ಲಿ 'ಮೀಟರ್ ಪರೀಕ್ಷೆ' ಎಂದು ಬರೆಯದೆ, 'ಯಾವ ಮೀಟರ್ ಯಾವ ಫ್ಲ್ಯಾಟ್‌ಗೆ ಸಂಪರ್ಕ ಹೊಂದಿದೆ ಎಂಬ ಪರಿಶೀಲನೆ' ಎಂದು ಸ್ಪಷ್ಟವಾಗಿ ಬರೆಯಬೇಕು.

ಹಣದ ಲೆಕ್ಕ ಹೇಗೆ?

ಯೂನಿಟ್ ಹೆಚ್ಚಾದಂತೆ ದರವೂ ಏರುವುದರಿಂದ ಅದಲುಬದಲಿನ ನಷ್ಟ ಕೇವಲ ಯೂನಿಟ್‌ನ ವ್ಯತ್ಯಾಸವಲ್ಲ. ದೆಹಲಿಯ ಉದಾಹರಣೆ ನೋಡಿ. ಅಲ್ಲಿನ 2021-22ರ ದರ ಆದೇಶದಂತೆ ಮನೆಗಳಿಗೆ ಮೊದಲ 200 ಯೂನಿಟ್‌ಗೆ ತಲಾ 3 ರೂ., 201ರಿಂದ 400ರವರೆಗೆ 4.50 ರೂ., 401ರಿಂದ 800ರವರೆಗೆ 6.50 ರೂ., 801ರಿಂದ 1200ರವರೆಗೆ 7 ರೂ., ಅದರ ಮೇಲೆ 8 ರೂ. ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ, ಸಬ್ಸಿಡಿಗೆ ಅರ್ಜಿ ಹಾಕಿದವರಿಗೆ ಬಿಲ್ ಶೂನ್ಯ.

ಒಂದು ಮನೆಯವರ ನಿಜವಾದ ಬಳಕೆ 150 ಯೂನಿಟ್, ನೆರೆಯವರದ್ದು 450 ಎಂದಿಟ್ಟುಕೊಳ್ಳಿ. ಮೀಟರ್ ಅದಲುಬದಲಾದರೆ ಶೂನ್ಯ ಬಿಲ್ ಬರಬೇಕಾದ ಮನೆಗೆ 1,825 ರೂ. ಇಂಧನ ಶುಲ್ಕ ಬರುತ್ತದೆ. ವರ್ಷಕ್ಕೆ 21,900 ರೂ. ನಿಗದಿತ ಶುಲ್ಕ, ಸರ್ಚಾರ್ಜ್, ತೆರಿಗೆ ಬೇರೆ. ದೊಡ್ಡ ಬಳಕೆಯವರು ಸಬ್ಸಿಡಿಯ ಶೂನ್ಯ ಬಿಲ್ ಪಡೆಯುತ್ತಾರೆ.

ಪರಿಷ್ಕರಣೆಯ ವೇಳೆ ಗಮನಿಸಬೇಕಾದ್ದು ಇಲ್ಲೇ. ನೆರೆಯವರ 12 ತಿಂಗಳ 5,400 ಯೂನಿಟನ್ನು ತಿಂಗಳವಾರು ಹಂಚಿದರೆ 21,900 ರೂ. ಅದನ್ನೇ ಒಂದೇ ತಿಂಗಳ ಬಳಕೆ ಎಂದು ಕಂಪ್ಯೂಟರ್‌ಗೆ ಹಾಕಿದರೆ ಬಹುಪಾಲು ಯೂನಿಟ್ 8 ರೂ. ದರಕ್ಕೆ ಏರಿ ಮೊತ್ತ 40,500 ರೂ. ಆಗುತ್ತದೆ. 18,600 ರೂ. ಅನ್ಯಾಯವಾಗಿ ಹೆಚ್ಚು. ಆದ್ದರಿಂದ ಪರಿಷ್ಕೃತ ಬಿಲ್ ಜೊತೆ ತಿಂಗಳವಾರು ಲೆಕ್ಕದ ಹಾಳೆ ಕೇಳಿ ಪಡೆಯಿರಿ.

ಬೇರೆ ನಗರಗಳಲ್ಲೂ ತತ್ವ ಇದೇ. ಚೆನ್ನೈನಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್, ಮೊದಲ 100 ಯೂನಿಟ್ ಉಚಿತ. 500 ಯೂನಿಟ್ ದಾಟಿದರೆ ಆರಂಭದ ಯೂನಿಟ್‌ಗಳ ದರವೂ ಬದಲಾಗುತ್ತದೆ. ಹೈದರಾಬಾದ್‌ನಲ್ಲಿ ತಿಂಗಳ ಬಳಕೆ 100, 200 ದಾಟಿದಂತೆ ವರ್ಗವೇ ಬದಲಾಗುತ್ತದೆ. ಮಹಾರಾಷ್ಟ್ರದಲ್ಲಿ 100, 300, 500 ಯೂನಿಟ್‌ಗಳ ಗಡಿ ಮುಖ್ಯ. ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟುಕೊಂಡು ಬಾಡಿಗೆಗೆ ಕೊಟ್ಟವರು ಗೃಹಜ್ಯೋತಿಯನ್ನೂ ನೆನಪಿಡಬೇಕು. 200 ಯೂನಿಟ್ ಮಿತಿಯೊಳಗೆ ಪ್ರತಿ ಮನೆಯ ಉಚಿತ ಯೂನಿಟ್‌ಗೆ 2022-23ರ ಸರಾಸರಿ ಬಳಕೆಯೇ ಆಧಾರವಾಗಿದ್ದರಿಂದ, ಆಗ ಮೀಟರ್ ಅದಲುಬದಲಾಗಿದ್ದರೆ ಅರ್ಹತೆಯ ಯೂನಿಟ್ ಕೂಡ ತಪ್ಪಾಗಿರುತ್ತದೆ.

ಬಿಲ್ ಜೊತೆಗೆ ಇನ್ನೆರಡು ಅಂಶಗಳನ್ನು ಸರಿಪಡಿಸಿಕೊಳ್ಳಿ. ಸರಾಸರಿ ಬಳಕೆ ಆಧರಿಸಿ ಕೇಳಿದ ಹೆಚ್ಚುವರಿ ಭದ್ರತಾ ಠೇವಣಿ ಒಂದು. ನೆರೆಯವರ ಗರಿಷ್ಠ ಬೇಡಿಕೆ ನೋಡಿ ನಿಮ್ಮ ಮಂಜೂರಾದ ಲೋಡ್ ಏರಿಸಿದ್ದರೆ ಅದು ಇನ್ನೊಂದು. ಲೋಡ್ ಏರಿದರೆ ನಿಗದಿತ ಶುಲ್ಕ ಪ್ರತಿ ತಿಂಗಳೂ ಹೆಚ್ಚುತ್ತದೆ. ಹೆಚ್ಚು ಕಟ್ಟಿದ ಹಣ ಸಾಮಾನ್ಯವಾಗಿ ನಗದಾಗಿ ಬರದೆ ಮುಂದಿನ ಬಿಲ್‌ಗಳಲ್ಲಿ ಜಮೆಯಾಗುತ್ತದೆ. ನಿಗದಿತ ದರಕ್ಕಿಂತ ಹೆಚ್ಚು ವಸೂಲಿ ಮಾಡಿದ ಹಣವನ್ನು ಬ್ಯಾಂಕ್ ದರದ ಬಡ್ಡಿ ಸಹಿತ ವಾಪಸ್ ಪಡೆಯಬಹುದು ಎಂದು ವಿದ್ಯುತ್ ಕಾಯ್ದೆಯ ಸೆಕ್ಷನ್ 62(6) ಹೇಳುತ್ತದೆ. ಅರ್ಜಿಯಲ್ಲಿ ಬಡ್ಡಿಯನ್ನೂ ಕೇಳಿ.

ಎಷ್ಟು ಹಿಂದಿನ ಬಾಕಿ ಕೇಳಬಹುದು?

ಮೊದಲ ಬಾರಿ ಪಾವತಿಗೆ ಬಂದ ದಿನದಿಂದ 2 ವರ್ಷ ಕಳೆದ ಮೊತ್ತವನ್ನು, ಅದನ್ನು ಬಿಲ್‌ಗಳಲ್ಲಿ ನಿರಂತರವಾಗಿ ಬಾಕಿ ಎಂದು ತೋರಿಸದಿದ್ದರೆ, ವಸೂಲಿ ಮಾಡುವಂತಿಲ್ಲ ಎಂದು ಸೆಕ್ಷನ್ 56(2) ಹೇಳುತ್ತದೆ. ಕಡಿಮೆ ಬಿಲ್ ಬಂದಿದ್ದ ಮನೆಯವರು ಇದನ್ನೇ ಪೂರ್ಣ ರಕ್ಷಣೆ ಎಂದುಕೊಳ್ಳಬಾರದು.

ಅಜ್ಮೇರ್ ವಿದ್ಯುತ್ ವಿತರಣ್ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಂತೆ, ಹಣ ಪಾವತಿಗೆ ಬರುವುದು ಬಿಲ್ ಕೊಟ್ಟ ಮೇಲೆ. ಪ್ರಾಮಾಣಿಕ ತಪ್ಪಿನಿಂದ ಬಿಟ್ಟುಹೋದ ಮೊತ್ತಕ್ಕೆ 2 ವರ್ಷದ ನಂತರವೂ ಹೆಚ್ಚುವರಿ ಬಿಲ್ ಕೊಡಲು ಅಡ್ಡಿಯಿಲ್ಲ. ಆದರೆ ಅದರ ವಸೂಲಿಗಾಗಿ ಕರೆಂಟ್ ಕಡಿತ ಮಾಡುವಂತಿಲ್ಲ. ಉತ್ತರ ಹರಿಯಾಣ ಬಿಜ್ಲಿ ವಿತರಣ್ ನಿಗಮದ ಪ್ರಕರಣವೊಂದರಲ್ಲಿ ಮೀಟರ್‌ನ ಗುಣಕವನ್ನು 10ರ ಬದಲು 5 ಎಂದು ಹಿಡಿದು ಬಿಲ್ ಮಾಡಲಾಗಿತ್ತು. ಬಿಟ್ಟುಹೋದ ಮೊತ್ತಕ್ಕೆ ನಂತರ ಬಿಲ್ ಕೊಟ್ಟಿದ್ದನ್ನು ಸೇವಾ ನ್ಯೂನತೆ ಎನ್ನಲಾಗದು ಎಂದು 2021ರಲ್ಲಿ ಕೋರ್ಟ್ ಹೇಳಿತು.

ಹೆಚ್ಚು ಕಟ್ಟಿದವರಿಗೂ ಸಮಯದ ಮಿತಿ ಇದೆ. ಮಹಾರಾಷ್ಟ್ರದಲ್ಲಿ ದೂರಿನ ಕಾರಣ ಉಂಟಾದ 2 ವರ್ಷದೊಳಗೆ ಕುಂದುಕೊರತೆ ವೇದಿಕೆಗೆ ಹೋಗಬೇಕು. ಅನುಮಾನ ಬಂದ ತಿಂಗಳೇ ಲಿಖಿತ ದೂರು ಕೊಡುವುದು ಕ್ಷೇಮ.

ವಿವಾದ ಇದ್ದಾಗ ಕರೆಂಟ್ ಕಡಿತ ಮಾಡುತ್ತಾರಾ?

ದೂರು ಕೊಟ್ಟಿದ್ದೇನೆ ಎಂದು ಬಿಲ್ ಕಟ್ಟದೆ ಕೂತರೆ ಬಾಕಿ, ದಂಡ ಎರಡೂ ಬೆಳೆಯುತ್ತವೆ. ಇದಕ್ಕೆ ಕಾಯ್ದೆಯಲ್ಲೇ ದಾರಿಯಿದೆ. ಸೆಕ್ಷನ್ 56(1)ರಂತೆ ಬಾಕಿಗಾಗಿ ಸಂಪರ್ಕ ಕಡಿತ ಮಾಡುವ ಮುನ್ನ ಪೂರ್ಣ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು 'ಆಕ್ಷೇಪಣೆಯೊಂದಿಗೆ' ಎಂದು ಬರೆದು ಕಟ್ಟಿದರೆ ವಿವಾದ ತೀರುವವರೆಗೆ ಸಂಪರ್ಕ ಕಡಿತ ಮಾಡುವಂತಿಲ್ಲ. ಪಾವತಿ ಆನ್‌ಲೈನ್‌ನಲ್ಲಿ ಮಾಡಿದರೆ ಅದೇ ದಿನ ಕಚೇರಿಗೆ ಇಮೇಲ್ ಕಳುಹಿಸಿ ಆಕ್ಷೇಪಣೆ ದಾಖಲಿಸಿ.

ಕಚೇರಿಯಲ್ಲಿ ಪರಿಹಾರ ಸಿಗದಿದ್ದರೆ?

ಪ್ರತಿ ವಿದ್ಯುತ್ ವಿತರಣಾ ಕಂಪನಿಯೂ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಹೊಂದಿರಬೇಕು ಎಂಬುದು ಸೆಕ್ಷನ್ 42(5)ರ ನಿಯಮ. ಬೆಸ್ಟ್, ಅದಾನಿ ಎಲೆಕ್ಟ್ರಿಸಿಟಿ, ಟಾಟಾ ಪವರ್, ಮಹಾವಿತರಣ್, ದೆಹಲಿಯ ಬಿಎಸ್‌ಇಎಸ್ ಕಂಪನಿಗಳು, ಬೆಸ್ಕಾಂ ಎಲ್ಲಕ್ಕೂ ಇದು ಅನ್ವಯ. ಮುಂಬೈನಲ್ಲಿ ಬಡಾವಣೆಗೊಂದು ಕಂಪನಿ ಇರುವುದರಿಂದ ಬಿಲ್ ಮೇಲಿರುವ ಕಂಪನಿಯ ವೇದಿಕೆಗೇ ಹೋಗಬೇಕು. 2020ರ ನಿಯಮಗಳ ಪ್ರಕಾರ ದೂರು ಇತ್ಯರ್ಥಕ್ಕೆ ಗರಿಷ್ಠ ಅವಧಿ 45 ದಿನ.

ವೇದಿಕೆಯ ಆದೇಶ ಒಪ್ಪಿಗೆಯಾಗದಿದ್ದರೆ ಸೆಕ್ಷನ್ 42(6)ರಂತೆ ವಿದ್ಯುತ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಮಹಾರಾಷ್ಟ್ರದಲ್ಲಿ ಮುಂಬೈ ಮತ್ತು ನಾಗಪುರದಲ್ಲಿ ಒಂಬುಡ್ಸ್‌ಮನ್ ಕಚೇರಿಗಳಿದ್ದು, ಆದೇಶ ಬಂದ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ವಕೀಲರಿಲ್ಲದೆ ಗ್ರಾಹಕರೇ ವಾದ ಮಂಡಿಸಬಹುದು. ಇಲ್ಲಿ ಗೆಲುವು ನಿಂತಿರುವುದು ಸ್ವೀಕೃತಿ ಮುದ್ರೆಯ ಅರ್ಜಿ ಮತ್ತು ಸ್ಥಳ ಪರಿಶೀಲನೆಯ ವರದಿಯ ಮೇಲೆ.

ಬಾಡಿಗೆದಾರರು ಏನು ಮಾಡಬೇಕು?

ಬಿಲ್ ಮಾಲೀಕರ ಹೆಸರಲ್ಲಿರುತ್ತದೆ, ಹಣ ಕಟ್ಟುವವರು ಬಾಡಿಗೆದಾರರು. ಕಾಯ್ದೆಯ 'ಗ್ರಾಹಕ' ಎಂಬ ವ್ಯಾಖ್ಯಾನದಲ್ಲಿ ವಿದ್ಯುತ್ ಪಡೆಯುವ ಸಲುವಾಗಿ ಸಂಪರ್ಕ ಹೊಂದಿರುವ ಸ್ಥಳದ ವ್ಯಕ್ತಿಯೂ ಸೇರುತ್ತಾರೆ. ಆದರೂ ಕಚೇರಿಯಲ್ಲಿ ಅಲೆದಾಟ ತಪ್ಪಿಸಲು ಮಾಲೀಕರಿಂದ ಅಧಿಕಾರ ಪತ್ರ, ಬಾಡಿಗೆ ಕರಾರಿನ ಪ್ರತಿ ಜೊತೆಗಿರಲಿ.

ಮುಖ್ಯ ವಿಷಯವೆಂದರೆ ವಾಪಸ್ ಬರುವ ಹಣ ಖಾತೆಗೆ ಜಮೆಯಾಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ಅಷ್ಟರಲ್ಲಿ ಮನೆ ಖಾಲಿ ಮಾಡಿದರೆ ಲಾಭ ಮುಂದಿನ ಬಾಡಿಗೆದಾರರಿಗೆ. ಆ ಮೊತ್ತವನ್ನು ಮಾಲೀಕರು ನಿಮಗೆ ಕೊಡುವುದಾಗಿ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ನೀವು ಕಟ್ಟಿದ ಪ್ರತಿ ಬಿಲ್‌ನ ಪಾವತಿ ರಸೀದಿ ಇಟ್ಟುಕೊಳ್ಳಿ.

ಪ್ರಿಪೇಯ್ಡ್ ಮೀಟರ್ ಬಂದರೆ?

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆಯಡಿ ದೇಶದಲ್ಲಿ 25 ಕೋಟಿ ಸ್ಮಾರ್ಟ್ ಪ್ರಿಪೇಯ್ಡ್ ಮೀಟರ್ ಅಳವಡಿಸುವ ಗುರಿಯಿದೆ. ಸ್ಮಾರ್ಟ್ ಮೀಟರ್ ಬಂದರೆ ರೀಡಿಂಗ್ ಬರೆಯುವವರ ತಪ್ಪು ಇಲ್ಲವಾಗುತ್ತದೆ. ಆದರೆ ಬದಲಾವಣೆಯ ದಿನ ಸೀರಿಯಲ್ ನಂಬರ್ ತಪ್ಪು ಖಾತೆಗೆ ಸೇರಿದರೆ ಪರಿಣಾಮ ಇನ್ನೂ ಬೇಗ ತಟ್ಟುತ್ತದೆ. ರೀಚಾರ್ಜ್ ಮಾಡುವವರು ನೀವು, ದೀಪ ಉರಿಯುವುದು ಪಕ್ಕದ ಮನೆಯಲ್ಲಿ. ನೆರೆಯವರ ಬ್ಯಾಲೆನ್ಸ್ ಮುಗಿದ ರಾತ್ರಿ ಕತ್ತಲಾಗುವುದು ನಿಮ್ಮ ಮನೆಯಲ್ಲಿ. ಮನೆಯಲ್ಲಿ ವೃದ್ಧರು, ಆಮ್ಲಜನಕ ಯಂತ್ರದ ಮೇಲಿರುವ ರೋಗಿಗಳು ಇದ್ದರೆ ಇದು ಹಣದ ಪ್ರಶ್ನೆಯಷ್ಟೇ ಅಲ್ಲ.

ಹೀಗಾಗಿ ಮೀಟರ್ ಬದಲಿಸಲು ಸಿಬ್ಬಂದಿ ಬಂದಾಗ ಮನೆಯವರೊಬ್ಬರು ಸ್ಥಳದಲ್ಲಿರಿ. ಹಳೆಯ ಮೀಟರ್‌ನ ಕೊನೆಯ ರೀಡಿಂಗ್, ಹೊಸದರ ಸೀರಿಯಲ್ ನಂಬರ್ ಮತ್ತು ಮೊದಲ ರೀಡಿಂಗ್ ಫೋಟೊ ತೆಗೆದುಕೊಳ್ಳಿ. ಬದಲಾವಣೆಯ ವರದಿಯಲ್ಲಿ ಇದೇ ಸಂಖ್ಯೆಗಳಿವೆಯೇ ನೋಡಿ ಸಹಿ ಹಾಕಿ. ಸಿಬ್ಬಂದಿ ಹೊರಡುವ ಮುನ್ನ ಒಮ್ಮೆ ಎಂಸಿಬಿ ಆಫ್ ಮಾಡಿ ಮೀಟರ್ ನಿಲ್ಲುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹೊಸ ಫ್ಲ್ಯಾಟ್ ಕೊಳ್ಳುವಾಗ, ಬಾಡಿಗೆಗೆ ಸೇರುವಾಗ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಕೀ ಪಡೆದ ದಿನವೇ ಬಿಲ್ ಹಿಡಿದು ಮೀಟರ್ ರೂಮ್‌ಗೂ ಒಮ್ಮೆ ಹೋಗಿ ಬನ್ನಿ. ಎರಡು ವರ್ಷದ ಬಾಕಿಯ ತಲೆನೋವು ಆ ಹತ್ತು ನಿಮಿಷದಲ್ಲಿ ತಪ್ಪುತ್ತದೆ.